ಗೂಟಕ್ಕೆ ನೇತುಬಿದ್ದ ಚಾವಿ

2023ರಲ್ಲಿ ಶ್ರಾವಣ ಎರಡು ಬಂದಿತ್ತು. ಅಧಿಕ ಮುಗಿದು ನಿಜ ಶ್ರಾವಣದ ಎರಡನೇ ಸೋಮವಾರ. ರಾತ್ರಿ ಒಂದೂವರೆಯ ಸುಮಾರಿಗೆ ಮಾವನವರು ಏನೋ ಕೇಳಿದರು. ಮಾತು ತೊದಲಿತ್ತು. ನೀರಿರಬೇಕೆಂದು ತಂಬಿಗೆ ಕೊಟ್ಟೆ. ಅದು ಅವರ ಬಲಗೈಯಿಂದ ಜಾರಿ ನೆಲಕ್ಕೆ ಬಿತ್ತು. ಲೈಟು ಹಾಕಿ ನೋಡಿದರೆ ಬಾಯಿ ಎಡಕ್ಕೆ ಎಳೆದಿತ್ತು. ನಮ್ಮ ಬೀದರ್ ಕಡೆ ಇದಕ್ಕೆ ಲಕ್ವಾ ಹೊಡೆಯಿತು ಅಂತಾರೆ. ಹೆಸರು ಹೇಳಲು ಡಾಕ್ಟರೇನೂ ಬೇಕಿರಲಿಲ್ಲ.

ಮನೆಯವರು ಪುಣೆಯ ಕಾರ್ಖಾನೆಯಲ್ಲಿ ನೌಕರಿ, ತಿಂಗಳಿಗೊಮ್ಮೆ ಬರುತ್ತಾರೆ. ಬಸವಕಲ್ಯಾಣದ ಮನೆಯಲ್ಲಿ ನಾನು, ಮಾವನವರು, ಪಿಯುಸಿ ಮೊದಲನೇ ವರ್ಷದ ಮಗ, ಎಂಟನೇ ಇಯತ್ತೆಯ ಮಗಳು. ಬಾಗಿಲ ಮುಂದೆ ಕಾರು ನಿಂತಿತ್ತು. ಅದರ ಚಾವಿ ದೇವರ ಕೋಣೆಯ ಪಕ್ಕದ ಗೂಟಕ್ಕೆ ನೇತುಬಿದ್ದಿತ್ತು. ಅಂಬ್ಯುಲೆನ್ಸಿಗೆ ಫೋನ್ ಹಚ್ಚಿದೆ. ಅದು ಹೆರಿಗೆಯ ಹೆಣ್ಣುಮಗಳೊಬ್ಬಳನ್ನು ತರಲು ಹಳ್ಳಿಗೆ ಹೋಗಿತ್ತು. ಅದರಲ್ಲಿ ಯಾರ ತಪ್ಪೂ ಇಲ್ಲ. ಮಗ ಚಾವಿ ತೆಗೆದುಕೊಂಡು ಬಂದು ನಿಂತ.

"ಮಮ್ಮಿ, ನಾ ಹೊಡಿತೀನಿ."

ಗೆಳೆಯರ ಜೊತೆ ಮೈದಾನದಲ್ಲಿ ನಾಲ್ಕು ಸುತ್ತು ಹೊಡೆದು ಕಲಿತಿದ್ದನಂತೆ. ನನಗೆ ಗೊತ್ತೇ ಇರಲಿಲ್ಲ. ಅವನಿಗೆ ಆಗ ಹದಿನಾರು ತುಂಬಿ ಎರಡು ತಿಂಗಳು. ನಾನು ಬೇಡ ಅಂದೆ. ಎರಡನೇ ಸಲ ಕೇಳಿದಾಗ ಗದರಿದೆ. ಮೂರನೇ ಸಲ ಅವನು ಕೇಳಲಿಲ್ಲ, ಚಾವಿಯನ್ನು ಗೂಟಕ್ಕೆ ಹಾಕಿ ಅಜ್ಜನ ಕಾಲ ಬಳಿ ಹೋಗಿ ಕೂತ. ಎರಡು ಓಣಿ ಆಚೆ ಇರುವ ಆಟೋದವರನ್ನು ಎಬ್ಬಿಸಿ ಕರೆತರುವಷ್ಟರಲ್ಲಿ ನಲವತ್ತು ನಿಮಿಷ ಹೋಗಿತ್ತು.

ಮೆದುಳಿನ ರಕ್ತನಾಳದಲ್ಲಿ ಗಡ್ಡೆ ಕಟ್ಟಿದರೆ ಅದನ್ನು ಕರಗಿಸುವ ಇಂಜೆಕ್ಷನ್ ಉಂಟು, ಆದರೆ ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು ಎಂಬುದು ನನಗೆ ತಿಳಿದದ್ದು ಮರುದಿನ. ಒಂದೂರಿಂದ ಇನ್ನೊಂದೂರಿಗೆ, ಸ್ಕ್ಯಾನ್ ಇರುವಲ್ಲಿಗೆ ಮುಟ್ಟುವ ಹೊತ್ತಿಗೆ ಆ ಹೊತ್ತು ಮೀರಿತ್ತು. "ನಲವತ್ತು ನಿಮಿಷ ಮೊದಲ ಬಂದಿದ್ರ ಕೈ ಉಳೀತಿತ್ತೇನ್ರಿ?" ಎಂದು ಡಾಕ್ಟರಿಗೆ ಕೇಳಿದೆ. "ಹೇಳ್ಲಾಕ ಬರಂಗಿಲ್ರಿ" ಅಂದರು. ಉಳಿಯುತ್ತಿರಲಿಲ್ಲ ಅಂದಿದ್ದರೆ ಬಹುಶಃ ನಾನು ಗಾಡಿ ಹೊಡೆಯುವ ಲೈಸೆನ್ಸಿನ ಪರೀಕ್ಷೆಗೆ ಕೂಡುತ್ತಿರಲಿಲ್ಲ.

ಮಾವನವರು ಮೂವತ್ತೊಂದು ವರ್ಷ ಲಾರಿ ಹೊಡೆದವರು. ಮುಂಬೈಯಿಂದ ಹೈದರಾಬಾದಿಗೆ, ಹೈದರಾಬಾದಿನಿಂದ ಮುಂಬೈಗೆ. ಸೊಲ್ಲಾಪುರ, ನಳದುರ್ಗ, ಉಮರ್ಗಾ, ಸಸ್ತಾಪುರ ಬಂಗ್ಲಾ, ಹುಮನಾಬಾದ್, ಜಹೀರಾಬಾದ್: ಈ ಹೆಸರುಗಳನ್ನು ಅವರು ಮಣಿ ಎಣಿಸಿದ ಹಾಗೆ ಹೇಳುತ್ತಾರೆ. ಸರ್ಕಾರ ಆ ರಸ್ತೆಗೆ 65 ಅಂತ ಹೊಸ ನಂಬರು ಕೊಟ್ಟು ಎಷ್ಟೋ ವರ್ಷವಾಯಿತು, ಅವರಿಗೆ ಇವತ್ತಿಗೂ ಅದು "ನೌ ನಂಬರ್". ಹುಮನಾಬಾದಿನಲ್ಲಿ ಲಾರಿ ನಿಲ್ಲಿಸಿದಾಗಲೆಲ್ಲ ಮಾಣಿಕನಗರಕ್ಕೆ ಹೋಗಿ ಮಾಣಿಕಪ್ರಭುಗಳ ಗುಡಿಯಲ್ಲಿ ಕಾಯಿ ಒಡೆಸುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ಅವರ ಗಾಡಿಗೆ ಸಿಕ್ಕಿದ್ದು ನಳದುರ್ಗದ ಹತ್ತಿರ ಒಂದು ಎಮ್ಮೆ ಮಾತ್ರ. ಅದರ ಮಾತು ಬಂದರೆ ಈಗಲೂ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಆಸ್ಪತ್ರೆಯಿಂದ ಬಂದ ಹದಿನೈದು ದಿನಕ್ಕೆ ಅಂಗಿಯ ಜೇಬಿನಿಂದ ತಮ್ಮ ಲೈಸೆನ್ಸ್ ತೆಗೆದು ನನ್ನ ಕೈಗಿಟ್ಟು, "ಟ್ರಂಕಿನ್ಯಾಗ ಇಡವ್ವಾ" ಅಂದರು. ಮಾತು ಆಗಿನ್ನೂ ಪೂರ್ತಿ ಸರಿಯಾಗಿರಲಿಲ್ಲ. ಅದೊಂದು ವಾಕ್ಯ ಮಾತ್ರ ಸ್ಪಷ್ಟವಾಗಿತ್ತು.

ದೀಪಾವಳಿ ಮುಗಿದ ಮೇಲೆ ಕಲಿಕಾ ಲೈಸೆನ್ಸಿಗೆ ಅರ್ಜಿ ಹಾಕಿದೆ. ನಲವತ್ನಾಲ್ಕರ ಹೆಂಗಸು, ಹುಮನಾಬಾದ್ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಟೀಚರ್. ದಿನಾ ಆಟೋ ಹಿಡಿದು ಸಸ್ತಾಪುರ ಬಂಗ್ಲಾಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಹುಮನಾಬಾದಿಗೆ, ಮತ್ತೆ ಟಂಟಂನಲ್ಲಿ ಹಳ್ಳಿಗೆ. ಹತ್ತೊಂಬತ್ತು ವರ್ಷ ಹೀಗೇ ತಿರುಗಿದವಳಿಗೆ ರಸ್ತೆಯ ಪರೀಕ್ಷೆ ಏನು ಮಹಾ ಅನ್ನಿಸಿತ್ತು. ಒಂದು ವರ್ಗದ ವಾಹನಕ್ಕೆ 150 ರೂಪಾಯಿ, ಪರೀಕ್ಷೆಗೆ 50. ನಮ್ಮ ಶಾಲೆಯ ಬಿಸಿಯೂಟದ ಅಕ್ಕನವರೂ "ಮೇಡಮ್ಮೋರೆ, ನಿಮಗ ಬರಲಾರದ್ದೇನದ?" ಅಂದಿದ್ದರು.

ನಲವತ್ತು ದಾಟಿದವರು ಡಾಕ್ಟರ ಸರ್ಟಿಫಿಕೇಟೂ ಕೊಡಬೇಕು. ಫಾರ್ಮಿನಲ್ಲಿ ಒಂದು ಪ್ರಶ್ನೆ ಇರುತ್ತದೆ: ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟು ಓದಲು ಬರುತ್ತದೆಯೇ? ಬರುತ್ತದೆ ಅಂತ ಗೀಟು ಹಾಕುವವಳಿದ್ದೆ, ಮಗಳು ಬಿಡಲಿಲ್ಲ. ನನ್ನ ಹೊಲಿಗೆಯ ಟೇಪು ತಂದು ಓಣಿಯಲ್ಲಿ ಹದಿನೇಳು ಸಲ ಹಾಸಿ ಅಳೆದಳು. ಓಣಿಯ ಮಂದಿ ಚರಂಡಿ ಬರುತ್ತದೆ ಅಂದುಕೊಂಡು ಹೊರಗೆ ಬಂದರು. ಬಲಗಣ್ಣು ಮುಚ್ಚಿಕೊಂಡು ನೋಡಿದೆ. ನಮ್ಮೂರ ಗಾಡಿಗಳಿಗೆಲ್ಲ ಕೆಎ 56, ಅದು ಗೊತ್ತಿದ್ದರಿಂದ ಐವತ್ತಾರು ಅಂದೆ. ಮುಂದಿನ ನಾಲ್ಕು ಅಂಕಿಯಲ್ಲಿ ಎರಡು ತಪ್ಪಾದವು. ಆರು, ಎಂಟು, ಸೊನ್ನೆ ಎಲ್ಲ ಒಂದೇ ಆಗಿ ಕಂಡವು. ಹತ್ತೊಂಬತ್ತು ವರ್ಷ ಬಸ್ಸಿನ ಬೋರ್ಡು ನಾನು ಓದುತ್ತಲೇ ಇರಲಿಲ್ಲ, ಬಣ್ಣ ನೋಡಿ ಕಂಡಕ್ಟರನ ಕೂಗು ಕೇಳಿ ಹತ್ತುತ್ತಿದ್ದೆ ಅಂತ ಆ ಹೊತ್ತು ಗೊತ್ತಾಯಿತು. ಚಾಳೀಸು ಬಂತು.

ಪರೀಕ್ಷೆಗೆ ಓದುವುದೆಂದರೆ ಚಿಹ್ನೆಗಳಿಂದ ಶುರು. ಕೆಂಪು ಅಂಚಿನ ದುಂಡನೆಯದು ಆಜ್ಞೆ, ಮೀರಿದರೆ ದಂಡ. ಮೂರು ಮೂಲೆಯದು ಎಚ್ಚರಿಕೆ. ನೀಲಿ ಚೌಕದ್ದು ಮಾಹಿತಿ. ಇಷ್ಟು ಒಂದು ಸಂಜೆಯಲ್ಲಿ ಬಂತು. ಆಮೇಲೆ ತಲೆ ತಿರುಗತೊಡಗಿತು. ಒಂದು ಓರೆಗೀಟಿದ್ದರೆ ಗಾಡಿ ಪಾರ್ಕು ಮಾಡಬಾರದು, ಎರಡು ಗೀಟು ಕತ್ತರಿಯಾಗಿದ್ದರೆ ನಿಲ್ಲಿಸಲೇಬಾರದು. ಮುಂದೆ ರಸ್ತೆ ಕಿರಿದಾಗುವುದೂ ಕಿರಿದಾದ ಸೇತುವೆಯೂ ಅಕ್ಕತಂಗಿಯರ ಹಾಗೆ ಕಾಣುತ್ತವೆ. ಗೇಟಿನ ಚಿತ್ರವಿದ್ದರೆ ಕಾವಲಿರುವ ರೈಲ್ವೆ ಗೇಟು, ಎಂಜಿನ್ನಿನ ಚಿತ್ರವಿದ್ದರೆ ಕಾವಲಿಲ್ಲದ್ದು. ಮನಸ್ಸು ಪ್ರತಿಸಲವೂ ತಿರುವುಮುರುವು ಹೇಳುತ್ತದೆ. ದೋಣಿಯ ಮೇಲೆ ಕಾರಿರುವ ಚಿತ್ರವೂ ಒಂದಿದೆ, ಮುಂದೆ ಹಾಯಿಗಟ್ಟೆ ಅಂತ. ತ್ರಿಪುರಾಂತ ಕೆರೆಯ ಊರಿನವರು ನಾವು, ಕಾರನ್ನು ದೋಣಿಯಲ್ಲಿ ಏರಿಸುವುದನ್ನು ಎಲ್ಲಿ ನೋಡೋಣ!

ಭಾಷೆಯ ತೊಡಕು ಬೇರೆ. ನಾನು ಪರೀಕ್ಷೆಗೆ ಕನ್ನಡವನ್ನೇ ಆರಿಸಿದ್ದೆ, ಟೀಚರ್ ಅಲ್ಲವೇ. ಆದರೆ ಆ ಪ್ರಶ್ನೆಗಳ ಕನ್ನಡ ನಮ್ಮ ಮನೆಯಲ್ಲಿ ಯಾರೂ ಆಡುವುದಲ್ಲ. ನಮಗೆ ರಸ್ತೆ ಸಡಕ್, ಸೇತುವೆ ಪುಲ್, ತಿರುವು ಮೋಡ್. "ಹಿಂದಿಕ್ಕುವುದು" ಎಂಬ ಮಾತನ್ನು ನಾನು ನಿತ್ಯದ ಮಾತಿನಲ್ಲಿ ಎಂದೂ ಬಳಸಿದವಳಲ್ಲ. "ನಿಮ್ಮ ಮುಂದಿನ ವಾಹನವನ್ನು ಹಿಂದಿಕ್ಕಬಹುದಾದುದು" ಎಂದು ಓದುವಾಗ ಮುಂದೆ, ಹಿಂದೆ ಎರಡೂ ಒಂದೇ ವಾಕ್ಯದಲ್ಲಿ ಬಂದು, ಗಾಡಿ ಎಲ್ಲಿದೆ ಎಂದು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಪ್ರತಿ ಪ್ರಶ್ನೆಯ ಮೂಲೆಯಲ್ಲೂ ಸೆಕೆಂಡು ಇಳಿಯುತ್ತಿರುತ್ತದೆ.

ಗುರುಗಳಾಗಿ ನಾನು ಆರಿಸಿಕೊಂಡದ್ದು ಮಾವನವರನ್ನು. ಅವರಿಗಿಂತ ಬಲ್ಲವರು ಈ ಊರಲ್ಲಿ ಯಾರು? ರಾತ್ರಿ ರೊಟ್ಟಿ ಬಡಿಯುವಾಗ ನಾನು ಪ್ರಶ್ನೆ ಕೇಳುವುದು, ಅವರು ಅಡುಗೆಮನೆಯ ಹೊಸ್ತಿಲ ಹತ್ತಿರ ಕುರ್ಚಿಯಲ್ಲಿ ಕೂತು ಉತ್ತರ ಹೇಳುವುದು. ಮಾತಿನ ಅಭ್ಯಾಸವೂ ಆಗುತ್ತದೆ ಅಂತ ಡಾಕ್ಟರೂ ಹೂಂ ಅಂದಿದ್ದರು.

"ಸಣ್ಣ ಪುಲ್ ಅದ. ಎದುರಿನಿಂದ ಒಂದು ಗಾಡಿ ಬರ್ಲತ್ತದ. ಏನ್ ಮಾಡ್ಬೇಕ್ರಿ ಮಾವಾರ?"

"ಡಿಪ್ಪರ್ ಹೊಡಿಬೇಕು. ಯಾರು ಮೊದಲ ಹೊಡಿತಾರ ಅವರು ಮೊದಲ."

"ಮುಂದಿನ ಲಾರಿ ಬಲಗಡಿ ಇಂಡಿಕೇಟರ್ ಹಾಕ್ತು. ಅಂದ್ರೇನ್ರಿ?"

"ಮುಂದ ಸಡಕ್ ಖಾಲಿ ಅದ, ನೀ ಹೋಗು ಅಂತ."

"ಗೋಲ್ ಚೌಕಿನ್ಯಾಗ ಯಾರಿಗಿ ಮೊದಲ ದಾರಿ ಬಿಡ್ಬೇಕು?"

"ದೊಡ್ಡ ಗಾಡಿಗಿ."

ನಾನು ನಂಬಿದೆ. ಮೂವತ್ತೊಂದು ವರ್ಷಕ್ಕೆ ಒಂದೇ ಎಮ್ಮೆ ಎಂಬ ದಾಖಲೆಯ ಮುಂದೆ ಪುಸ್ತಕ ಯಾವ ಲೆಕ್ಕ? ಪುಸ್ತಕ ತೆರೆದು ಹೋಲಿಸಿ ನೋಡುವಷ್ಟು ವ್ಯವಧಾನವೂ ನನಗಿರಲಿಲ್ಲ, ಅರ್ಧವಾರ್ಷಿಕ ಪರೀಕ್ಷೆಯ ಪತ್ರಿಕೆಗಳ ಕಟ್ಟು ಮೇಜಿನ ಮೇಲೆ ಕೂತಿತ್ತು.

ಮೊದಲ ಪರೀಕ್ಷೆ ಡಿಸೆಂಬರಿನಲ್ಲಿ. ಈಗ ಆಧಾರ್ ಇದ್ದರೆ ಮನೆಯಲ್ಲೇ ಕೂತು ಬರೆಯಬಹುದು. ಮೊದಲು ರಸ್ತೆ ಸುರಕ್ಷತೆಯ ವಿಡಿಯೊ ನೋಡಬೇಕು, ಆಮೇಲೆ ಮೊಬೈಲಿಗೆ ಬಂದ ಗುಪ್ತಪದ ಹಾಕಿ ಕ್ಯಾಮೆರಾದ ಮುಂದೆ ಮುಖ ಇಟ್ಟುಕೊಂಡು ಕೂಡಬೇಕು. ಮಗನ ಲ್ಯಾಪ್‌ಟಾಪನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟು ಎತ್ತರ ಸರಿಮಾಡಿದೆವು. ಕೋಣೆಯ ಬಾಗಿಲು ಹಾಕಿ, ಮಾವನವರಿಗೆ ಕೆಮ್ಮಬೇಡಿ ಅಂತಲೂ ಹೇಳಿದ್ದಾಯಿತು. ಸೇತುವೆಯ ಪ್ರಶ್ನೆ ಬಂತು. ಡಿಪ್ಪರ್ ಹೊಡೆಯುವ ಉತ್ತರವೇ ಆಯ್ಕೆಗಳಲ್ಲಿ ಇತ್ತು, ನನಗೆ ಖುಷಿಯಾಯಿತು, ಒತ್ತಿದೆ. ತಪ್ಪು. ಎದುರಿನ ಗಾಡಿ ಸೇತುವೆ ದಾಟುವ ತನಕ ನಿಂತು ಆಮೇಲೆ ಹೋಗಬೇಕು ಎಂಬುದು ಸರಿ. ಬಲಗಡೆಯ ಇಂಡಿಕೇಟರ್, ಮುಂದಿನವನು ಬಲಕ್ಕೆ ತಿರುಗಲಿದ್ದಾನೆ. ವೃತ್ತದಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ. ಮಾವನವರ ಪಾಠದಲ್ಲಿ ಬಂದ ಮೂರಕ್ಕೆ ಮೂರೂ ತಪ್ಪು, ನನ್ನ ಸ್ವಂತ ಅಜ್ಞಾನದ್ದು ಮತ್ತಷ್ಟು. ನೂರಕ್ಕೆ 60 ಸರಿಯಿದ್ದರೆ ಪಾಸು ಎಂಬುದು ನಿಯಮ. ಆಗ ಎಸ್‌ಎಸ್‌ಎಲ್‌ಸಿ ಪಾಸಾಗಲು 35 ಬೇಕಿತ್ತು; ಅಷ್ಟು ಬಂದರೆ ಸಾಕು ಅಂತ ಮಕ್ಕಳನ್ನು ಹುರಿದುಂಬಿಸುತ್ತಿದ್ದವಳು ನಾನು, ಅರವತ್ತು ದಾಟಲಾಗಲಿಲ್ಲ.

ಹೊರಗೆ ಬಂದಾಗ ಮಾವನವರು ಕುರ್ಚಿಯಿಂದ ಅರ್ಧ ಎದ್ದಿದ್ದರು. ಫೇಲಾಯಿತು ಅಂದೆ. ಯಾವ ಪ್ರಶ್ನೆ ಅಂತ ಕೇಳಿದರು. ನಾನು ಬೇರೆ ಪ್ರಶ್ನೆಗಳ ಹೆಸರು ಹೇಳಿದೆ. ಮಗಳು ಸುಮ್ಮನಿರಬಾರದೇ, ಎಲ್ಲ ಬಿಚ್ಚಿ ಹೇಳಿದಳು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಪುಸ್ತಕದಾಗ ಬರ್ದವರು ನೌ ನಂಬರ್ ಮ್ಯಾಲ ಬಂದಿಲ್ಲವ್ವಾ" ಅಂದರು. ಸ್ವಲ್ಪ ತಡೆದು, "ನಾನೂ ಎರಡ್ ಸಲ ಪುಲ್ ಮ್ಯಾಲ ಸಿಕ್ಕೊಂಡೀನಿ, ಇಬ್ಬರೂ ಡಿಪ್ಪರ್ ಹೊಡ್ದು" ಅಂತ ಸೇರಿಸಿದರು.

ನನ್ನ ಅಭಿಪ್ರಾಯ ಇಲ್ಲೇ ಹೇಳಿಬಿಡುತ್ತೇನೆ. ಲಾರಿಯವರ ಆ ಇಂಡಿಕೇಟರ್ ಭಾಷೆ ಸುಳ್ಳಲ್ಲ, ರಾತ್ರಿಯ ಹೆದ್ದಾರಿಯಲ್ಲಿ ಎಷ್ಟೋ ಜೀವ ಅದರ ಮೇಲೆ ಉಳಿದಿರಬಹುದು. ಆದರೆ ಅದು ಇಬ್ಬರಿಗೂ ಗೊತ್ತಿದ್ದರೆ ಮಾತ್ರ ಭಾಷೆ. ಒಬ್ಬನು "ನೀ ಹೋಗು" ಅಂತ ಬಲಗಡೆ ಮಿಣುಕಿಸಿ, ಇನ್ನೊಬ್ಬನು ನಿಜವಾಗಿಯೂ ಬಲಕ್ಕೆ ತಿರುಗಲು ಅದನ್ನೇ ಮಿಣುಕಿಸಿದರೆ ಹಿಂದೆ ಬರುವ ನನ್ನಂಥವಳು ಯಾವುದನ್ನು ನಂಬಬೇಕು? ಈ ವಿಷಯದಲ್ಲಿ ನಾನು ಪುಸ್ತಕದ ಕಡೆ. ಮಾವನವರಿಗೆ ಇದನ್ನು ಹೇಳಿದ್ದೇನೆ, ಅವರು ಒಪ್ಪಿಲ್ಲ.

ಶಾಲೆಯಲ್ಲಿ ಸುದ್ದಿ ಮುಟ್ಟಿತು. ಸಹೋದ್ಯೋಗಿಯೊಬ್ಬರು "ಯಾರಿಗಾರ ಹೇಳಿ ಮಾಡಿಸ್ಕೊಂಡ್ಬಿಡ್ರಿ, ಈ ವಯಸ್ಸಿನ್ಯಾಗ ಏನ್ ಓದ್ತೀರಿ" ಅಂದರು. ಪರೀಕ್ಷಾ ಕೊಠಡಿಯಲ್ಲಿ ಚೀಟಿ ಹಿಡಿಯುವ ಕೆಲಸ ಮಾಡುವವಳಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಒಳ್ಳೆಯತನದ ಮಾತಲ್ಲ ಇದು, ನನಗೆ ಬೇಕಿದ್ದದ್ದು ಕಾರ್ಡಲ್ಲ, ಗೂಟದ ಚಾವಿ.

ಎರಡನೇ ಸಲ ಮತ್ತೆ 50 ರೂಪಾಯಿ ಕಟ್ಟಿ ಕೂತೆ. ಈ ಸಲ ಪುಸ್ತಕವನ್ನೇ ಓದಿದ್ದೆ. ಗಾಡಿ ಹಿಂದೆ ಹೊಡೆಯುವುದು ಏಕಮುಖ ರಸ್ತೆಯಲ್ಲಿ ನಿಷಿದ್ಧ, ಸರಿ. ಏರು ದಾರಿಯಲ್ಲಿ ಹತ್ತುವವರಿಗೆ ಮೊದಲ ಹಕ್ಕು, ಸರಿ. ಅಪಘಾತದಲ್ಲಿ ಯಾರಿಗಾದರೂ ಗಾಯವಾದರೆ ಚಿಕಿತ್ಸೆಗೆ ಬೇಕಾದ ವ್ಯವಸ್ಥೆ ಮಾಡಿ, 24 ಗಂಟೆಯೊಳಗೆ ಪೊಲೀಸ್ ಠಾಣೆಗೆ ತಿಳಿಸಬೇಕು, ಅದೂ ಸರಿ. ಆಮೇಲೆ ಈ ಪ್ರಶ್ನೆ ಬಂತು: ಹದಿನಾರು ವರ್ಷ ತುಂಬಿದವರು ಯಾವ ವಾಹನ ಓಡಿಸಲು ಲೈಸೆನ್ಸ್ ಪಡೆಯಬಹುದು?

ಉತ್ತರ ನನಗೆ ಗೊತ್ತಿತ್ತು. 50 ಸಿಸಿ ಮೀರದ, ಗೇರ್ ಇಲ್ಲದ ಮೋಟಾರ್ ಸೈಕಲ್. ಓದಿದ್ದೆ, ಬರೆದುಕೊಂಡಿದ್ದೆ. ಪರದೆಯ ಮೇಲೆ ಅಕ್ಷರಗಳಿದ್ದವು, ನನ್ನ ಕಣ್ಣಿಗೆ ಕಂಡದ್ದು ಚಾವಿ ಹಿಡಿದು ನಿಂತ ಮಗ. ಕಾರು ಎಂಬ ಆಯ್ಕೆಯೂ ಅಲ್ಲಿತ್ತು. ಬೆರಳು ಏಳಲಿಲ್ಲ. ಸೆಕೆಂಡು ಮುಗಿದು ಪ್ರಶ್ನೆ ತಾನೇ ಹೊರಟುಹೋಯಿತು. ಅದರ ಮುಂದಿನ ಮೂರು ಪ್ರಶ್ನೆ ನಾನು ಓದಿದೆನೋ ಇಲ್ಲವೋ ನೆನಪಿಲ್ಲ. ಒಂದು ಅಂಕಕ್ಕೆ ಹೋಯಿತು.

ಆ ದಿನ ಸಂಜೆ ಮಗನನ್ನು ಕೂರಿಸಿಕೊಂಡು ಮೊದಲ ಸಲ ಆ ರಾತ್ರಿಯ ಮಾತೆತ್ತಿದೆ. ಕಾನೂನು ಹೇಳಿದೆ: 2019ರ ತಿದ್ದುಪಡಿ ಆದಮೇಲೆ ಹದಿನೆಂಟು ತುಂಬದವರು ಗಾಡಿ ಓಡಿಸಿ ಅಪರಾಧವಾದರೆ ಪಾಲಕರಿಗೆ ಇಲ್ಲವೇ ಗಾಡಿಯ ಮಾಲೀಕರಿಗೆ ಮೂರು ವರ್ಷದ ತನಕ ಜೈಲು, 25,000 ರೂಪಾಯಿ ದಂಡ. ಅವನು ತಲೆಯಾಡಿಸಿದ. "ಅದಕ್ಕಾ ಬ್ಯಾಡ ಅಂದಿ?" ಅಂತ ಕೇಳಿದ. ಅಲ್ಲ ಅಂದೆ. ಆ ರಾತ್ರಿ ನನಗೆ ಯಾವ ಕಾನೂನೂ ನೆನಪಿರಲಿಲ್ಲ. ಇಬ್ಬರನ್ನೂ ಕಳೆದುಕೊಂಡುಬಿಟ್ಟರೆ ಅಂತ ಅಂಜಿದ್ದೆ, ಅಷ್ಟೆ. ಅವನು ಎದ್ದು ಹೋಗಿ ಅಜ್ಜನ ಕಾಲಿಗೆ ಎಣ್ಣೆ ತಿಕ್ಕತೊಡಗಿದ. ನಮ್ಮಿಬ್ಬರ ಮಧ್ಯೆ ಆ ಮಾತು ಅಲ್ಲಿಗೇ ನಿಂತಿದೆ.

ಅದಾದಮೇಲೆ ಓದುವ ರೀತಿಯೇ ಬದಲಾಯಿತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಸಸ್ತಾಪುರ ಬಂಗ್ಲಾದಿಂದ ಹುಮನಾಬಾದಿನ ತನಕ ಕಂಡ ಬೋರ್ಡುಗಳ ಹೆಸರನ್ನೆಲ್ಲ ಬಾಯಲ್ಲಿ ಹೇಳುತ್ತಿದ್ದೆ. ಎಡತಿರುವು. ಶಾಲೆ ಇದೆ. ಪಕ್ಕದ ರಸ್ತೆ ಬಲಕ್ಕೆ. ಡಿವೈಡರಿನಲ್ಲಿ ಸಂದು. ಪಕ್ಕದಲ್ಲಿ ಕೂತವರು ಜಪ ಅಂದುಕೊಂಡಿರಬೇಕು, ಒಬ್ಬ ಅಜ್ಜಿ ಸರಿದು ಜಾಗ ಬಿಟ್ಟಳು. ಹುಮನಾಬಾದಿನಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿ ಕೂಡುತ್ತವೆ. ಪುಣೆ–ಹೈದರಾಬಾದಿನ 65, ಬೀದರಿನಿಂದ ಕಲಬುರಗಿ ಕಡೆ ಹೋಗುವ 50. ಇಷ್ಟು ವರ್ಷ ಅದು ನನಗೆ ಬಸ್ಸು ಬದಲಿಸುವ ಜಾಗವಾಗಿತ್ತು. ಈಗ ನಿಂತು ನೋಡಿದರೆ ಯಾರು ಯಾರಿಗೆ ದಾರಿ ಬಿಡುತ್ತಾರೆ ಎಂಬುದೇ ಒಂದು ಪುಸ್ತಕ. ಪರೀಕ್ಷೆಯ ಪುಸ್ತಕಕ್ಕೂ ಅದಕ್ಕೂ ಸಂಬಂಧ ಕಡಿಮೆ.

ಒಂಬತ್ತನೇ ತರಗತಿಯ ಮಕ್ಕಳಿಗೆ ನಾನೇ ಹೇಳಿಬಿಟ್ಟೆ: ಎರಡು ಸಲ ಫೇಲಾಗಿದ್ದೇನೆ, ನೀವು ನನ್ನ ಪರೀಕ್ಷೆ ತೆಗೆದುಕೊಳ್ಳಿ. ಅವರ ಸಂಭ್ರಮ ಕೇಳಬೇಡಿ. ಊಟದ ಬಿಡುವಿನಲ್ಲಿ ಕರಿಹಲಗೆ ತುಂಬ ಚಿಹ್ನೆ ಬರೆದು ಕೋಲು ಹಿಡಿದು ನಿಲ್ಲುತ್ತಿದ್ದರು. ಆಸ್ಪತ್ರೆಯ ಚಿಹ್ನೆಗೂ ಪ್ರಥಮ ಚಿಕಿತ್ಸೆಯ ಚಿಹ್ನೆಗೂ ನನಗೆ ವ್ಯತ್ಯಾಸ ನಿಲ್ಲುತ್ತಲೇ ಇರಲಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ತರಗತಿಯಲ್ಲಿ ಬಾಯಿ ಬಿಡದವಳು, "ಮೇಡಂ, ದವಾಖಾನಿಗಿ ಹೋದ್ರ ಮಂಚ ಕೊಡ್ತಾರ. ಮಂಚ ಇದ್ರ ದವಾಖಾನಿ, ಬರೇ ಕ್ರಾಸ್ ಇದ್ರ ಪಟ್ಟಿ ಕಟ್ಟಿ ಕಳಸ್ತಾರ" ಅಂದಳು. ಅಂದಿನಿಂದ ತಪ್ಪಿಲ್ಲ.

ಅದೇ ವಾರ ಪಾಠ ಕಲ್ಯಾಣದ ಚಾಲುಕ್ಯರದು. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ, ಹಿಂದೂ ಆಸ್ತಿ ಹಂಚಿಕೆಯ ವಿಷಯಕ್ಕೆ ಅದು ಇಂದಿಗೂ ಹೆಸರಾಗಿದೆ ಎಂದು ಪ್ರತಿ ವರ್ಷ ಹೇಳುತ್ತೇನೆ. ಈ ಸಲ ಇನ್ನೊಂದು ಸೇರಿಸಿದೆ. ಆ ಸ್ಮೃತಿಯಲ್ಲಿ ಬಂಡಿಯ ಅಪಘಾತದ ಮಾತೂ ಇದೆ: ಎತ್ತಿನ ಮೂಗುದಾರ ಹರಿದು, ನೊಗ ಮುರಿದು, ಇಲ್ಲವೇ ಬಂಡಿ ಹಿಂದಕ್ಕೆ ಸರಿದು ಯಾರಿಗಾದರೂ ಏಟಾದರೆ ಒಡೆಯನಿಗೆ ದೋಷವಿಲ್ಲ. ಮಕ್ಕಳು ಕೂಡಲೇ ವಾದಕ್ಕೆ ನಿಂತರು, ಹಿಂದಕ್ಕೆ ಸರಿಯುವಾಗ ನೋಡಬೇಕಿತ್ತಲ್ಲ ಅಂತ. ಒಂಬೈನೂರು ವರ್ಷದ ಮೇಲೆ ಕಲ್ಯಾಣದಲ್ಲಿ ಮತ್ತೆ ಗಾಡಿಯ ಕಾನೂನಿನ ಚರ್ಚೆ!

2024ರ ಜನವರಿ 11ಕ್ಕೆ ಎಳ್ಳ ಅಮಾವಾಸ್ಯೆ. ಬೀದರ್ ಜಿಲ್ಲೆಯಲ್ಲಿ ಅಂದು ಊರು ಖಾಲಿ, ಹೊಲ ತುಂಬಿರುತ್ತವೆ. ಭಜ್ಜಿ, ಅಂಬಲಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ನಾವೂ ತಮ್ಮನ ಟ್ರ್ಯಾಕ್ಟರಿನಲ್ಲಿ ಹೋದೆವು. ಮಾವನವರನ್ನು ಕುರ್ಚಿ ಸಮೇತ ಟ್ರಾಲಿಗೆ ಏರಿಸಿದ್ದೆವು. ಚರಗ ಚೆಲ್ಲಿ ಊಟವಾದಮೇಲೆ ಬೇವಿನ ಮರದ ಕೆಳಗೆ ಅವರೇ ಪುಸ್ತಕ ತೆಗೆಯೆಂದರು. ಕೈಸನ್ನೆಯ ಪುಟ ಬಂತು. ಇಂಡಿಕೇಟರ್ ಕೆಟ್ಟಾಗ ಚಾಲಕ ಬಲಗೈಯನ್ನು ಕಿಟಕಿಯಿಂದ ಹೊರಗೆ ಹಾಕಿ ತೋರಿಸಬೇಕಾದ ಸನ್ನೆಗಳು ಅವು. ಇದರಲ್ಲಿ ಪುಸ್ತಕಕ್ಕೂ ಅವರಿಗೂ ಜಗಳವಿರಲಿಲ್ಲ.

"ಇದು ನಾ ತೋರಸ್ತೀನಿ" ಅಂದರು.

ಭುಜ ಸ್ವಲ್ಪ ಮೇಲಕ್ಕೆ ಬಂತು, ಕೈ ಬರಲಿಲ್ಲ. ಮತ್ತೆ ಪ್ರಯತ್ನಿಸಿದರು. ನಾನು ಬೇಡ ಅನ್ನಲೂ ಆಗದೆ, ನೋಡಲೂ ಆಗದೆ ಕೂತೆ. ಆಮೇಲೆ ಅವರು ಎಡಗೈಯಿಂದ ತಮ್ಮ ಬಲಗೈ ಮಣಿಕಟ್ಟನ್ನು ಹಿಡಿದು ಎತ್ತಿದರು. ನೆಟ್ಟಗೆ ಚಾಚಿದರೆ ಬಲಕ್ಕೆ ತಿರುಗುತ್ತೇನೆ ಎಂದು. ಅಂಗೈ ನೆಲಕ್ಕೆ ಮಾಡಿ ಮೇಲೆ ಕೆಳಗೆ ಆಡಿಸಿದರೆ ನಿಧಾನ ಮಾಡುತ್ತಿದ್ದೇನೆ. ಮೊಣಕೈಯಿಂದ ಮೇಲಕ್ಕೆ ಎತ್ತಿದರೆ ನಿಲ್ಲಿಸುತ್ತಿದ್ದೇನೆ. ಹಿಂದಿನಿಂದ ಮುಂದಕ್ಕೆ ಬೀಸಿದರೆ ನೀನು ಹೋಗು. ಒಂದು ಕೈ ಇನ್ನೊಂದು ಕೈಯನ್ನು ಹಿಡಿದು ಇಷ್ಟನ್ನೂ ಒಂದೊಂದಾಗಿ ತೋರಿಸಿತು. ಮಗ, ಮಗಳು, ತಮ್ಮನ ಮಕ್ಕಳು ಎಲ್ಲರೂ ಬಲಗೈ ಚಾಚಿ ಹಾಗೇ ಮಾಡಿದರು. ನಾನೂ ಮಾಡಿದೆ.

ಅವರು ಗೆದ್ದ ಪ್ರಶ್ನೆಯೂ ಒಂದಿದೆ, ಹೇಳದಿದ್ದರೆ ಅನ್ಯಾಯ. ಕಾವಲಿಲ್ಲದ ರೈಲ್ವೆ ಗೇಟಿಗೆ ಬಂದರೆ ಏನು ಮಾಡಬೇಕು? "ಗಾಡಿ ನಿಂದ್ರಸ್ಬೇಕು. ಕ್ಲೀನರ್ ಇಳ್ದು ಹಳಿ ತನಕ ಹೋಗಿ ನೋಡ್ಬೇಕು. ಅವ ಕೈ ಮಾಡಿದ್ ಮ್ಯಾಲ ಹೋಗ್ಬೇಕು" ಅಂದರು. ಕ್ಲೀನರನ ಮಾತು ಕೇಳಿ ನಾವೆಲ್ಲ ನಕ್ಕೆವು. ಮಗ ಮೊಬೈಲಿನಲ್ಲಿ ಮೋಟಾರು ವಾಹನ ಕಾಯ್ದೆ ತೆಗೆದು 131ನೇ ಕಲಂ ಓದಿದ. ಚಾಲಕ ಗಾಡಿ ನಿಲ್ಲಿಸಬೇಕು, ಕಂಡಕ್ಟರ್ ಅಥವಾ ಕ್ಲೀನರ್ ಗೇಟಿನ ತನಕ ನಡೆದುಹೋಗಿ ಯಾವ ಕಡೆಯಿಂದಲೂ ರೈಲು ಬರುತ್ತಿಲ್ಲವೆಂದು ನೋಡಿ ಗಾಡಿಯನ್ನು ದಾಟಿಸಬೇಕು, ಅಂಥವರು ಯಾರೂ ಇಲ್ಲದಿದ್ದರೆ ಚಾಲಕನೇ ಇಳಿದು ನೋಡಬೇಕು. ಅಕ್ಷರಶಃ ಹಾಗೇ ಇದೆ. ಬ್ರಾಡ್‌ಗೇಜ್ ಹಾದಿಯ ಮೇಲಿನ ಕಾವಲಿಲ್ಲದ ಗೇಟುಗಳನ್ನೆಲ್ಲ ತೆಗೆದದ್ದಾಯಿತು ಎಂದು ರೈಲ್ವೆಯವರು 2019ರಲ್ಲೇ ಹೇಳಿದ್ದಾರೆ. ಪ್ರಶ್ನೆ ಮಾತ್ರ ಉಳಿದಿದೆ. ಮಾವನವರು ಆ ಸಂಜೆ ಎರಡು ರೊಟ್ಟಿ ಹೆಚ್ಚು ಉಂಡರು.

ಮೂರನೇ ಪರೀಕ್ಷೆಗೆ ಕೂತದ್ದು ಗಣರಾಜ್ಯೋತ್ಸವದ ಮರುವಾರ. ಹೇಳುವಂಥದ್ದು ಅದರಲ್ಲಿ ಏನೂ ಇಲ್ಲ. ಹದಿನಾರು ವರ್ಷದ ಪ್ರಶ್ನೆ ಬರಲಿಲ್ಲ. ಬಂದಿದ್ದರೆ ಉತ್ತರಿಸುತ್ತಿದ್ದೆ ಅಂದುಕೊಂಡಿದ್ದೇನೆ. ಮಂಚದ ಚಿಹ್ನೆ ಬಂತು, ನಿಲ್ಲುವ ಕೈಸನ್ನೆ ಬಂತು, ಕತ್ತರಿ ಗೀಟು ಬಂತು. ಎರಡು ತಪ್ಪಿದವು. ಪಾಸು ಎಂದು ಪರದೆಯ ಮೇಲೆ ಬಂದಾಗ ನಾನು ಕ್ಯಾಮೆರಾದ ಮುಂದಿಂದ ಏಳಲೇ ಇಲ್ಲ, ಎದ್ದರೆ ಎಲ್ಲಿ ಅಳಿಸಿಹೋಗುತ್ತದೋ ಅಂತ. ಮಗಳು ಬಂದು ಲ್ಯಾಪ್‌ಟಾಪ್ ಮುಚ್ಚಿದಳು.

ಕಲಿಕಾ ಲೈಸೆನ್ಸಿಗೆ ಆರು ತಿಂಗಳ ಆಯುಸ್ಸು. ಮೂವತ್ತು ದಿನ ಕಳೆದಮೇಲೆ ಗಾಡಿ ಹೊಡೆದು ತೋರಿಸುವ ಪರೀಕ್ಷೆಗೆ ಹೋಗಬಹುದು. ಅಲ್ಲಿಯ ತನಕ ಪಕ್ಕದ ಸೀಟಿನಲ್ಲಿ ಲೈಸೆನ್ಸ್ ಇರುವವರು ಕೂತಿರಲೇಬೇಕು, ಹಾಗಾಗಿ ಮನೆಯವರು ರಜೆಗೆ ಬಂದಾಗ ಮತ್ತು ಭಾನುವಾರ ಡ್ರೈವಿಂಗ್ ಶಾಲೆಯವರ ಜೊತೆ ಮಾತ್ರ ಅಭ್ಯಾಸ. ಮಾವನವರು ಹಿಂದಿನ ಸೀಟಿನಲ್ಲಿರುತ್ತಾರೆ. ಗಾಡಿಗೆ ಮುಂದೆ ಹಿಂದೆ ಬಿಳಿ ಹಲಗೆಯ ಮೇಲೆ ಕೆಂಪು ಎಲ್ ಅಕ್ಷರ ಕಾಣಬೇಕು, ಹತ್ತು ಸೆಂಟಿಮೀಟರಿಗೆ ಕಡಿಮೆ ಎತ್ತರ ಇರಬಾರದು. ಮಗ ಅಳೆದು ಬರೆದು ಹಚ್ಚಿದ್ದಾನೆ.

ಸಸ್ತಾಪುರ ಬಂಗ್ಲಾದ ತನಕ ಈಗ ಹೋಗಿ ಬರುತ್ತೇನೆ. ಹೆದ್ದಾರಿಗೆ ಇನ್ನೂ ಏರಿಲ್ಲ. ರಿವರ್ಸ್ ಬರುವುದಿಲ್ಲ, ಮನೆ ಮುಂದೆ ಗಾಡಿ ತಿರುಗಿಸಲು ಮೂರು ಸಲ ಹಿಂದೆ ಮುಂದೆ ಮಾಡುತ್ತೇನೆ, ಓಣಿಯವರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾರೆ. ಪರೀಕ್ಷೆ ಬರುವ ತಿಂಗಳು.